ತಲೆಗೆ ಪೆಟ್ಟು ಬಿದ್ದಾಗ ರೆಫರಿ ಏನು ಮಾಡಬೇಕು?

ಫುಟ್‌ಬಾಲ್ ಮೈದಾನದಲ್ಲಿ ತಲೆಗೆ ಬೀಳುವ ಪೆಟ್ಟು, ಪೆಟ್ಟಿನ ನಾಟಕ, ರೆಫರಿಯ ಕರ್ತವ್ಯ ಕುರಿತು ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರ ಕೊಟ್ಟವರು ರೆಫರಿಗಳ ತರಬೇತುದಾರರು ಮತ್ತು ಕ್ರೀಡಾ ವೈದ್ಯರು.

ಪ್ರಶ್ನೆ: ಟೀವಿಯಲ್ಲಿ ಯೂರೋಪಿನ ಪಂದ್ಯಗಳನ್ನು ತಪ್ಪದೆ ನೋಡುತ್ತೇನೆ. ಒಂದು ತಂಡ ಒಂದು ಗೋಲು ಮುಂದಿದ್ದರೆ ಸಾಕು, ಎದುರಾಳಿ ದಾಳಿಗೆ ಹೊರಟ ಕೂಡಲೇ ಇವರಲ್ಲೊಬ್ಬ ಮುಖ ಮುಚ್ಚಿಕೊಂಡು ಬೀಳುತ್ತಾನೆ. ತಾಗಿದ್ದು ಎದೆಗೆ ಎಂದು ರೀಪ್ಲೇಯಲ್ಲಿ ಎಲ್ಲರಿಗೂ ಕಾಣುತ್ತದೆ. ಆದರೂ ರೆಫರಿ ಆಟ ನಿಲ್ಲಿಸುತ್ತಾರೆ. ಇಷ್ಟು ಸುಲಭವಾಗಿ ಮೋಸ ಹೋಗಬೇಕೆ?
(ಓದುಗರು, ಶಿವಮೊಗ್ಗ)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ನಿಮಗೆ ರೀಪ್ಲೇ ಇದೆ. ರೆಫರಿ ನೋಡುವುದು ಒಂದೇ ಸಲ, ಅದೂ ಓಡುತ್ತಾ, ನಾಲ್ಕು ಜನ ಅಡ್ಡ ಇರುವಾಗ. ನಾಟಕವನ್ನು ನಿಜವೆಂದು ನಂಬಿ ಸೀಟಿ ಊದಿದರೆ ಒಂದು ದಾಳಿ ಕೆಡುತ್ತದೆ, ಒಂದಷ್ಟು ಹೊತ್ತು ಹೋಗುತ್ತದೆ. ನಿಜವನ್ನು ನಾಟಕವೆಂದು ಬಗೆದು ಆಟ ಮುಂದುವರಿಸಿದರೆ, ಮಿದುಳು ಅದುರಿದವನಿಗೆ ಇನ್ನೊಂದು ಪೆಟ್ಟು ಬೀಳಬಹುದು. ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮುನ್ನವೇ ಎರಡನೆಯದು ಬಿದ್ದರೆ ಮಿದುಳು ಊದಿಕೊಂಡು ಜೀವಕ್ಕೇ ಎರವಾಗುವುದುಂಟು. ಅಪರೂಪ ನಿಜ, ಆದರೆ ಹಾಗೆ ಆದದ್ದು ಹೆಚ್ಚಾಗಿ ಹರೆಯದ ಹುಡುಗರಿಗೆ. ಎರಡೂ ತಪ್ಪುಗಳ ಬೆಲೆ ಒಂದೇ ಅಲ್ಲವಾದ್ದರಿಂದ ರೆಫರಿ ಯಾವ ಕಡೆಗೆ ವಾಲಬೇಕು ಎನ್ನುವುದರಲ್ಲಿ ನಮಗೆ ಅನುಮಾನವಿಲ್ಲ.

ಆಟದ 5ನೇ ನಿಯಮ ಹೇಳುವುದು ಇಷ್ಟು: ಸಣ್ಣ ಗಾಯವಾದರೆ ಚೆಂಡು ಹೊರಗೆ ಹೋಗುವ ತನಕ ಆಟ ನಡೆಯಲಿ, ಗಂಭೀರ ಗಾಯವಾದರೆ ತಕ್ಷಣ ನಿಲ್ಲಿಸಿ. ತಲೆಯ ಪೆಟ್ಟು ಗಂಭೀರ ಅಲ್ಲ ಎಂದು ಖಚಿತವಾಗುವ ತನಕ ಅದನ್ನು ಗಂಭೀರ ಎಂದೇ ಹಿಡಿಯಬೇಕು.

ಹೊರನೋಟ ಎಷ್ಟರಮಟ್ಟಿಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ರಿಯೊ ಡಿ ಜನೈರೊದ ಮರಕಾನಾ ಮೈದಾನವೊಂದೇ ಸಾಕು. 1989ರ ಸೆಪ್ಟೆಂಬರ್ 3ರಂದು ಅಲ್ಲಿ ಬ್ರೆಜಿಲ್ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಚಿಲಿ 0–1ರಿಂದ ಹಿಂದಿತ್ತು. ಪ್ರೇಕ್ಷಕರ ಕಡೆಯಿಂದ ಉರಿಯುವ ಫ್ಲೇರ್ ಬಂದು ಬಿತ್ತು. ಚಿಲಿಯ ಗೋಲ್‌ಕೀಪರ್ ರೊಬೆರ್ತೊ ರೋಹಾಸ್ ಹೊಗೆಯ ನಡುವೆ ಕುಸಿದರು, ಮುಖವೆಲ್ಲ ರಕ್ತ. ತಂಡದವರು ಅವರನ್ನು ಎತ್ತಿಕೊಂಡು ಹೊರನಡೆದರು, ಮತ್ತೆ ಆಡಲು ಬರಲಿಲ್ಲ. ಫ್ಲೇರ್ ಅವರಿಗೆ ತಾಗಿರಲೇ ಇಲ್ಲ ಎಂದು ಆಮೇಲೆ ಚಿತ್ರಗಳು ತೋರಿಸಿದವು. ಗ್ಲೌಸ್‌ನಲ್ಲಿ ಬಚ್ಚಿಟ್ಟಿದ್ದ ಬ್ಲೇಡಿನಿಂದ ಅವರೇ ಕೊಯ್ದುಕೊಂಡಿದ್ದರು. ಫಿಫಾ ಪಂದ್ಯವನ್ನು 2–0ಯಿಂದ ಬ್ರೆಜಿಲ್‌ಗೆ ಕೊಟ್ಟಿತು, ಚಿಲಿಯನ್ನು 1994ರ ವಿಶ್ವಕಪ್‌ನಿಂದಲೂ ಹೊರಗಿಟ್ಟಿತು, ರೋಹಾಸ್‌ಗೆ ಆಜೀವ ನಿಷೇಧ ಹೇರಿತು. ಆ ನಿಷೇಧ ತೆರವಾದದ್ದು 2001ರಲ್ಲಿ.

ಅದೇ ಮರಕಾನಾದಲ್ಲಿ 2014ರ ವಿಶ್ವಕಪ್ ಫೈನಲ್. ಜರ್ಮನಿಯ ಕ್ರಿಸ್ಟೊಫ್ ಕ್ರಾಮರ್ ಮುಖಕ್ಕೆ ಅರ್ಜೆಂಟೀನಾದ ಗರಾಯ್ ಭುಜ ಬಲವಾಗಿ ಬಡಿಯಿತು. ರಕ್ತವಿಲ್ಲ, ಚೀರಾಟವಿಲ್ಲ. ಎದ್ದು ಓಡತೊಡಗಿದರು. ಸುಮಾರು ಕಾಲು ಗಂಟೆ ಆಡಿದರು ಕೂಡ. ನಡುವೆ ರೆಫರಿ ನಿಕೊಲಾ ರಿಜೋಲಿ ಬಳಿ ಬಂದು ‘ಇದು ಫೈನಲ್ಲೇ?’ ಎಂದು ಕೇಳಿದರು. ರಿಜೋಲಿ ಆ ಮಾತನ್ನು ಜರ್ಮನಿಯ ಶ್ವೈನ್‌ಸ್ಟೈಗರ್‌ಗೆ ತಿಳಿಸಿದರು. 31ನೇ ನಿಮಿಷದಲ್ಲಿ ಕ್ರಾಮರ್ ಹೊರಗೆ ಹೋದರು.

ರಕ್ತ ಸುರಿಸಿಕೊಂಡು ಬಿದ್ದವನದು ನಾಟಕ, ಎದ್ದು ಓಡಿದವನದು ನಿಜ. ಹೀಗಿರುವಾಗ ನಿಜ ಯಾವುದು, ಸುಳ್ಳು ಯಾವುದು ಎಂದು ಎರಡು ಸೆಕೆಂಡಿನಲ್ಲಿ ತೀರ್ಮಾನಿಸುವ ಕೆಲಸವನ್ನು ರೆಫರಿಯ ತಲೆಗೆ ಕಟ್ಟಬಾರದು. ಆಟ ನಿಲ್ಲಿಸುವುದು ಅವರ ಕೆಲಸ, ತಲೆ ನೋಡುವುದು ವೈದ್ಯರ ಕೆಲಸ. ನಾಟಕಕ್ಕೆ ಮದ್ದು ಬೇರೆಯೇ ಇದೆ, ಮುಂದಿನ ಉತ್ತರಗಳಲ್ಲಿ ಬರುತ್ತದೆ.

ಪ್ರಶ್ನೆ: ಈಚೆಗೆ ರೆಫರಿ ಪರೀಕ್ಷೆ ಪಾಸು ಮಾಡಿದ್ದೇನೆ. ಇಬ್ಬರು ಹೆಡ್ ಮಾಡಲು ಹಾರಿ ಒಬ್ಬ ಬಿದ್ದರೆ ನಾನು ಏನನ್ನು ನೋಡಬೇಕು, ಯಾವ ಕ್ರಮದಲ್ಲಿ ಏನು ಮಾಡಬೇಕು? ದಯವಿಟ್ಟು ವಿವರವಾಗಿ ತಿಳಿಸಿ ಸರ್.
(ಆಸ್ಟಿನ್ ಟೌನ್, ಬೆಂಗಳೂರು)

ಉತ್ತರ: ಕೆಲಸ ಶುರುವಾಗುವುದು ಟಾಸ್‌ಗಿಂತ ಮೊದಲೇ. ವೈದ್ಯರು ಅಥವಾ ಪ್ರಥಮ ಚಿಕಿತ್ಸೆ ಬಲ್ಲವರು ಯಾರು, ಎಲ್ಲಿ ಕೂತಿದ್ದಾರೆ ಎಂದು ಮುಖ ನೋಡಿ ಗುರುತು ಮಾಡಿಕೊಳ್ಳಿ. ಸ್ಟ್ರೆಚರ್ ಇದೆಯೇ ನೋಡಿ. ಆಂಬುಲೆನ್ಸ್ ಒಳಬರುವ ಗೇಟಿಗೆ ಬೀಗ ಹಾಕಿದ್ದರೆ ಕೀ ಯಾರ ಬಳಿ ಇದೆ ಎಂದು ಕೇಳಿ. ಇಬ್ಬರು ಕ್ಯಾಪ್ಟನ್‌ಗಳಿಗೂ ಒಂದು ಮಾತು ಹೇಳಿಬಿಡಿ: ತಲೆಗೆ ಪೆಟ್ಟಾದರೆ ಸೀಟಿ ಊದುತ್ತೇನೆ, ಪರೀಕ್ಷೆ ಆಗದೆ ಆ ಆಟಗಾರ ಮತ್ತೆ ಆಡುವಂತಿಲ್ಲ.

ಇನ್ನು ಆಟದಲ್ಲಿ. ಹೊಸ ರೆಫರಿಗಳು ಮಾಡುವ ತಪ್ಪೆಂದರೆ ಹೆಡ್ ಆದ ಮೇಲೆ ಕಣ್ಣು ಚೆಂಡಿನ ಹಿಂದೆ ಹೋಗುವುದು. ಚೆಂಡು ಹೋಗಲಿ. ಹಾರಿದ ಇಬ್ಬರೂ ನೆಲಕ್ಕೆ ಇಳಿದು ಎರಡು ಹೆಜ್ಜೆ ಇಡುವ ತನಕ ನಿಮ್ಮ ಕಣ್ಣು ಅವರ ಮೇಲಿರಲಿ. ಆ ಬದಿಯ ಅಸಿಸ್ಟೆಂಟ್ ರೆಫರಿಗೂ ಇದನ್ನೇ ಹೇಳಿಕೊಡಿ.

ಗಮನಿಸಬೇಕಾದ್ದು ಮೂರು. ತಲೆಗೆ ಬಡಿದದ್ದೇನು: ಇನ್ನೊಂದು ತಲೆಯೋ, ಮೊಣಕೈಯೋ, ಗೋಲ್‌ಕೀಪರ್‌ನ ಮೊಣಕಾಲೋ, ನೆಲವೋ? ಬಿದ್ದದ್ದು ಹೇಗೆ? ಬಿದ್ದ ಮೇಲೆ ಮೈ ಏನು ಮಾಡುತ್ತಿದೆ? ಇದರಲ್ಲಿ ಎರಡನೆಯದು ಬಹಳ ಹೇಳುತ್ತದೆ. ಪ್ರಜ್ಞೆ ಇರುವವನು ಬೀಳುವಾಗ ಕೈ ತಾನಾಗಿ ನೆಲಕ್ಕೆ ಊರುತ್ತದೆ, ಗಲ್ಲ ಎದೆಗೆ ಸೇರುತ್ತದೆ. ಪ್ರಜ್ಞೆ ತಪ್ಪಿದವನು ಕಡಿದ ಬಾಳೆಗಿಡದ ಹಾಗೆ ಬೀಳುತ್ತಾನೆ. ಕೈ ಅಡ್ಡ ಬರುವುದಿಲ್ಲ, ಮುಖವೋ ಹಿಂದಲೆಯೋ ನೇರ ನೆಲಕ್ಕೆ ಬಡಿಯುತ್ತದೆ. ಕೆಲವೊಮ್ಮೆ ಮುಂಗೈ ಸೆಟೆದು ಗಾಳಿಯಲ್ಲೇ ನಿಲ್ಲುತ್ತದೆ, ಬೆರಳು ಮಡಚಿಕೊಂಡಿರುತ್ತದೆ. ಇದು ಮಿದುಳಿಗೆ ಪೆಟ್ಟಾದ ಗುರುತು. ಇದನ್ನು ಕಂಡರೆ ಗೋಲಾಗುವ ಅವಕಾಶವಿದ್ದರೂ ಕಾಯಬೇಡಿ.

ಉಳಿದ ಗುರುತುಗಳು: ಅಲ್ಲಾಡದೆ ಬಿದ್ದಿರುವುದು, ಏಳಲು ತಡವರಿಸುವುದು, ಎದ್ದರೂ ಕಾಲು ತೊಡರುವುದು, ನೋಟ ಎಲ್ಲೋ ನೆಟ್ಟಿರುವುದು, ತನ್ನ ತಂಡದ ಗೋಲಿನ ಕಡೆಗೇ ನಡೆಯುವುದು. ಇವುಗಳಲ್ಲಿ ಒಂದು ಕಂಡರೂ ಸಾಕು.

ಸೀಟಿ ಊದಿ, ಕೈ ಬೀಸಿ ವೈದ್ಯರನ್ನು ಕರೆಯಿರಿ. ‘ಬೇಕಾ’ ಎಂದು ಆಟಗಾರನನ್ನು ಕೇಳುತ್ತಾ ನಿಲ್ಲಬೇಡಿ. ಗಡಿಯಾರ ನೋಡಿಕೊಳ್ಳಿ, ಆ ಹೊತ್ತನ್ನೆಲ್ಲ ಕೊನೆಗೆ ಸೇರಿಸಬೇಕು. 2022ರ ವಿಶ್ವಕಪ್‌ನಲ್ಲಿ ಇರಾನ್ ಗೋಲ್‌ಕೀಪರ್ ಬೈರಾನ್ವಂದ್ ತಮ್ಮದೇ ತಂಡದವರಿಗೆ ಡಿಕ್ಕಿ ಹೊಡೆದಾಗ ಇಂಗ್ಲೆಂಡ್ ವಿರುದ್ಧದ ಆ ಮೊದಲಾರ್ಧಕ್ಕೆ 14 ನಿಮಿಷ ಸೇರಿಸಿದ್ದರು. ಆಮೇಲೆ ಬಿದ್ದವನ ಕಣ್ಣೆದುರು ಮಂಡಿಯೂರಿ. ಹಿಂದಿನಿಂದ ಕರೆದರೆ ಅವನು ಕತ್ತು ತಿರುಗಿಸುತ್ತಾನೆ. ಕತ್ತಿಗೂ ಪೆಟ್ಟಾಗಿದ್ದರೆ ಅದೇ ಅಪಾಯ. ಕೈ ಹಿಡಿದು ಎಬ್ಬಿಸಲು ಬರುವ ಜೊತೆಗಾರರನ್ನು ದೂರ ನಿಲ್ಲಿಸಿ. ತಲೆಗೆ ನೀರು ಸುರಿಯುವುದು, ಬಾಯಿಗೆ ನೀರು ಬಿಡುವುದು, ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದು, ಹಲ್ಲಿನ ನಡುವೆ ಚಮಚ ತುರುಕುವುದು ನಮ್ಮ ಮೈದಾನಗಳಲ್ಲಿ ಈಗಲೂ ನಡೆಯುತ್ತದೆ. ಇದ್ಯಾವುದಕ್ಕೂ ಬಿಡಬೇಡಿ. ಪ್ರಜ್ಞೆ ಇಲ್ಲದವನ ಉಸಿರಾಟವನ್ನು ಮೊದಲು ನೋಡಬೇಕು. ವಾಂತಿ ಬಂದರೆ ತಲೆ, ಕತ್ತು, ಬೆನ್ನು ಒಂದೇ ಗೆರೆಯಲ್ಲಿರುವಂತೆ ಹಿಡಿದು, ತರಬೇತಾದವರು ಮಗ್ಗುಲಿಗೆ ಹೊರಳಿಸಬೇಕು.

ಯೂರೋಪಿನ ಸಂಸ್ಥೆ ಯುಇಎಫ್‌ಎ 2014ರಲ್ಲಿ ತಂದ ಕ್ರಮದಂತೆ ಮೈದಾನದಲ್ಲಿನ ಪರೀಕ್ಷೆಗೆ ಮೂರು ನಿಮಿಷದ ತನಕ ಸಮಯ ಕೊಡಬಹುದು. ಆಡಬಹುದು ಎಂಬ ಮಾತನ್ನು ತಂಡದ ವೈದ್ಯರೇ ರೆಫರಿಗೆ ಹೇಳಬೇಕು. ಕೋಚ್ ಬೆರಳೆತ್ತಿ ‘ಓಕೆ’ ತೋರಿಸಿದರೆ ಸಾಲದು. ನಿಮ್ಮ ಪುಸ್ತಕದಲ್ಲಿ ಆಟಗಾರನ ನಂಬರ್, ನಿಮಿಷ, ಹೇಳಿದವರು ಯಾರು ಎಂದು ಬರೆದುಕೊಳ್ಳಿ.

ಅಲ್ಲಿಗೆ ಮುಗಿಯಲಿಲ್ಲ. ಮೂರು ನಿಮಿಷದಲ್ಲಿ ಎಲ್ಲವೂ ಗೊತ್ತಾಗುವುದಿಲ್ಲ. ವೈದ್ಯರು ಬಳಸುವ ಪೂರ್ತಿ ಪರೀಕ್ಷೆಗೇ ಕನಿಷ್ಠ 10–15 ನಿಮಿಷ ಬೇಕು. 2019ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಟಾಟನ್‌ಹ್ಯಾಮ್‌ನ ಯಾನ್ ವೆರ್ಟೊಂಗೆನ್ ತಲೆಗೆ ಪೆಟ್ಟಾಯಿತು. ರೆಫರಿ ವೈದ್ಯರನ್ನು ಕೇಳಿಯೇ ಒಳಗೆ ಬಿಟ್ಟರು. ಸ್ವಲ್ಪ ಹೊತ್ತಿಗೇ ವೆರ್ಟೊಂಗೆನ್ ಕಾಲು ನಿಲ್ಲದಾಯಿತು, ಇಬ್ಬರು ಹಿಡಿದು ಕರೆದೊಯ್ಯಬೇಕಾಯಿತು. ಮರಳಿ ಬಂದವನ ಮೇಲೆ ಮುಂದಿನ ಕಾಲು ಗಂಟೆ ಒಂದು ಕಣ್ಣಿಡಿ. ಸಂಶಯ ಬಂದರೆ ಎರಡನೇ ಸಲ ನಿಲ್ಲಿಸಲು ಹಿಂಜರಿಯಬೇಡಿ.

ಪ್ರಶ್ನೆ: ನಮ್ಮ ಶಾಲಾ ಟೂರ್ನಿಗಳಿಗೆ ವೈದ್ಯರು ಬರುವುದೇ ಇಲ್ಲ. ಹುಡುಗ ‘ನಾನು ಆಡ್ತೀನಿ ಸರ್’ ಅನ್ನುತ್ತಾನೆ, ಪಿ.ಟಿ. ಮೇಷ್ಟ್ರೂ ‘ಏನಾಗಿಲ್ಲ ಬಿಡಿ’ ಅನ್ನುತ್ತಾರೆ. ರೆಫರಿಗೆ ತಡೆಯುವ ಅಧಿಕಾರವಿದೆಯೇ?
(ಮಂಗಳೂರು)

ಉತ್ತರ: ಇದೆ. ಗಂಭೀರವಾಗಿ ಗಾಯಗೊಂಡವರನ್ನು ಮೈದಾನದಿಂದ ಹೊರಗೆ ಕಳಿಸುವುದು 5ನೇ ನಿಯಮದಂತೆ ರೆಫರಿಯದೇ ಹೊಣೆ. ವೈದ್ಯರಿಲ್ಲದ ಕಡೆ ಲೆಕ್ಕ ಸರಳ: ಸಂಶಯ ಬಂದರೆ ಹುಡುಗ ಆ ದಿನ ಮತ್ತೆ ಆಡುವುದಿಲ್ಲ. ಅರ್ಧ ಗಂಟೆ ಬಿಟ್ಟು ನೋಡೋಣ ಎನ್ನುವುದೂ ಇಲ್ಲ.

ಹುಡುಗನ ಮಾತನ್ನೇ ನಂಬಬೇಡಿ. ಪೆಟ್ಟಾದದ್ದು ಮಿದುಳಿಗೆ, ‘ನಾನು ಸರಿಯಿದ್ದೇನೆ’ ಎಂದು ತೀರ್ಮಾನಿಸುವುದೂ ಅದೇ ಮಿದುಳು. ಬದಲಿಗೆ ಪ್ರಶ್ನೆ ಕೇಳಿ: ಇದು ಯಾವ ಮೈದಾನ? ಈಗ ಮೊದಲಾರ್ಧವೋ ಎರಡನೆಯದೋ? ಕೊನೆಯ ಗೋಲು ಹೊಡೆದದ್ದು ಯಾರು? ಹಿಂದಿನ ಪಂದ್ಯ ಯಾರ ಮೇಲೆ ಆಡಿದಿರಿ, ಗೆದ್ದಿರೋ ಸೋತಿರೋ? ಅವನ ಮನೆಮಾತಿನಲ್ಲಿ ಕೇಳಿ. ತುಳುವೋ ಬ್ಯಾರಿಯೋ ಕೊಂಕಣಿಯೋ ಆಡುವ ಹುಡುಗ ಇಂಗ್ಲಿಷಿನ ಪ್ರಶ್ನೆಗೆ ತಡವರಿಸಿದರೆ ಅದು ಪೆಟ್ಟಿನಿಂದಲೋ ಭಾಷೆಯಿಂದಲೋ ತಿಳಿಯುವುದಿಲ್ಲ. ಒಂದು ಉತ್ತರ ತಪ್ಪಿದರೂ ಹೊರಗೆ. ಎಲ್ಲ ಸರಿ ಹೇಳಿದ ಮಾತ್ರಕ್ಕೆ ಒಳಗೆ ಎಂದೂ ಅಲ್ಲ. ತಲೆನೋವು, ಓಕರಿಕೆ, ಮಂಜು ಮಂಜಾದ ದೃಷ್ಟಿ ಇದ್ದರೂ ಹೊರಗೇ.

ಮೇಷ್ಟ್ರು ಒಪ್ಪದಿದ್ದರೆ ವಾದಕ್ಕೆ ಇಳಿಯಬೇಡಿ. ‘ಬದಲಿ ಆಟಗಾರನನ್ನು ಕಳಿಸಿ, ಆಟ ಶುರು ಮಾಡುತ್ತೇನೆ’ ಎಂದು ಹೇಳಿ ನಿಂತುಬಿಡಿ. ವರದಿಯಲ್ಲೂ ಬರೆಯಿರಿ.

ವೈದ್ಯರಿಲ್ಲದಿದ್ದರೂ 108ಕ್ಕೆ ಕರೆ ಮಾಡುವವರು ಯಾರು, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಸ್ಕ್ಯಾನ್ ಇದೆ ಎಂಬುದು ಮೊದಲೇ ಗೊತ್ತಿರಲಿ. ಟೂರ್ನಿ ನಡೆಸುವವರು ಶಾಮಿಯಾನಕ್ಕೂ ಟ್ರೋಫಿಗೂ ದುಡ್ಡು ಹೊಂದಿಸುತ್ತಾರೆ. ಒಬ್ಬ ತರಬೇತಾದ ನರ್ಸ್‌ನ ದಿನಗೂಲಿಯನ್ನು ಅದೇ ಪಟ್ಟಿಗೆ ಸೇರಿಸುವುದು ಕಷ್ಟವಲ್ಲ.

ಪ್ರಶ್ನೆ: ತಲೆಪೆಟ್ಟಿಗೆ ನಿಲ್ಲಿಸಿದ ಆಟವನ್ನು ಮತ್ತೆ ಶುರು ಮಾಡುವುದು ಹೇಗೆ? ಚೆಂಡು ಯಾರಿಗೆ?
(ಬೆಳಗಾವಿ)

ಉತ್ತರ: ಫೌಲ್ ಆಗಿದ್ದರೆ ಫ್ರೀಕಿಕ್ ಅಥವಾ ಪೆನಾಲ್ಟಿ. ಇಲ್ಲದಿದ್ದರೆ ಡ್ರಾಪ್ ಬಾಲ್, ಅಂದರೆ ರೆಫರಿ ಚೆಂಡನ್ನು ಕೈಯಿಂದ ಕೆಳಗೆ ಬಿಟ್ಟು ಆಟ ಶುರು ಮಾಡುವುದು. ನಿಲ್ಲಿಸಿದಾಗ ಚೆಂಡು ಪೆನಾಲ್ಟಿ ಏರಿಯಾದ ಒಳಗಿದ್ದರೆ ಅದು ರಕ್ಷಣೆಯ ತಂಡದ ಗೋಲ್‌ಕೀಪರ್‌ಗೆ. ಹೊರಗಿದ್ದರೆ ಚೆಂಡು ಯಾರ ವಶದಲ್ಲಿತ್ತೋ, ಅಥವಾ ಸ್ಪಷ್ಟವಾಗಿ ಯಾರ ವಶಕ್ಕೆ ಹೋಗುತ್ತಿತ್ತೋ ಆ ತಂಡಕ್ಕೆ. ಅದು ತಿಳಿಯದಿದ್ದರೆ ಕೊನೆಗೆ ಮುಟ್ಟಿದ ತಂಡಕ್ಕೆ. ಉಳಿದವರೆಲ್ಲ 4 ಮೀಟರ್ ದೂರ.

ನಾಟಕಕ್ಕೆ ಇಲ್ಲೇ ಒಂದು ಕಡಿವಾಣವಿದೆ. ಎದುರಾಳಿಯ ಬಳಿ ಚೆಂಡಿದ್ದಾಗ ನೀವು ಬಿದ್ದು ನಿಲ್ಲಿಸಿದರೆ ಚೆಂಡು ಮತ್ತೆ ಅವರಿಗೇ ಹೋಗುತ್ತದೆ. ಆದರೆ ನಿಮ್ಮದೇ ಪೆನಾಲ್ಟಿ ಏರಿಯಾದಲ್ಲಿ ಚೆಂಡಿದ್ದಾಗ ಬಿದ್ದರೆ ನಿಮ್ಮ ಗೋಲ್‌ಕೀಪರ್‌ಗೆ ಸಿಗುತ್ತದೆ, ಇದು ನಿಯಮದ ಬಿರುಕು. ಕಾರ್ನರ್ ಹೊತ್ತಿನಲ್ಲಿ ರೆಫರಿ ಹೆಚ್ಚು ಎಚ್ಚರ ವಹಿಸಬೇಕಾದದ್ದು ಇದಕ್ಕೇ.

ಪ್ರಶ್ನೆ: ಹಾಗಾದರೆ ನಾಟಕ ಆಡಿದವನಿಗೆ ಶಿಕ್ಷೆಯೇ ಇಲ್ಲವೇ? ಹಳದಿ ಕಾರ್ಡ್ ಯಾವಾಗ ತೋರಿಸಬೇಕು?
(ಮಡಿಕೇರಿ)

ಉತ್ತರ: ಗಾಯದ ನಟನೆಗೆ 12ನೇ ನಿಯಮದಲ್ಲಿ ಹಳದಿ ಕಾರ್ಡ್ ಇದೆ. ಆಟ ನಡೆಯುತ್ತಿದ್ದಾಗ ಮಾಡಿದ ನಟನೆಗೆ ಆಟ ನಿಲ್ಲಿಸಿ ಕಾರ್ಡ್ ತೋರಿಸಿದರೆ ಎದುರಾಳಿಗೆ ಇಂಡೈರೆಕ್ಟ್ ಫ್ರೀಕಿಕ್ (ನೇರವಾಗಿ ಗೋಲು ಹೊಡೆಯಲಾಗದ ಫ್ರೀಕಿಕ್) ಸಿಗುತ್ತದೆ. ಆದರೆ ತಲೆಯ ವಿಷಯದಲ್ಲಿ ಕಾರ್ಡ್ ಎತ್ತಲು ನಮ್ಮ ಅಳತೆ ಬಿಗಿ: ತಲೆಗೆ ಏನೂ ತಾಗಲಿಲ್ಲ ಎಂದು ನೀವೋ ಅಸಿಸ್ಟೆಂಟೋ ಅಡ್ಡವಿಲ್ಲದೆ ಕಂಡಿರಬೇಕು, ವೈದ್ಯರು ನೋಡಿ ಮುಗಿಸಿರಬೇಕು, ಆಟಗಾರ ಎದ್ದು ನಿಂತಿರಬೇಕು. ನೆಲದ ಮೇಲಿರುವವನಿಗೆ ಎಂದೂ ಕಾರ್ಡ್ ತೋರಿಸಬೇಡಿ. ಭುಜಕ್ಕೆ ತಾಗಿದ್ದನ್ನು ಮುಖಕ್ಕೆ ಎಂದು ಹಿಡಿದುಕೊಂಡವನಿಗೆ ಅನೇಕ ಸಲ ಕಾರ್ಡ್ ಸಿಗದೆ ಹೋಗುತ್ತದೆ. ಹೋಗಲಿ, ಇನ್ನೊಂದು ದಾರಿಯಿದೆ.

ಅದು ಹೊರಗೆ ಕಳಿಸುವುದು. ವೈದ್ಯರು ಬಂದು ನೋಡಿದ ಆಟಗಾರ ಹೊರಹೋಗಿ, ಆಟ ಶುರುವಾದ ಮೇಲೆ ನಿಮ್ಮ ಸನ್ನೆ ಸಿಕ್ಕಾಗಲೇ ಒಳಬರಬೇಕು. ಗೋಲ್‌ಕೀಪರ್, ಡಿಕ್ಕಿ ಹೊಡೆದುಕೊಂಡ ಒಂದೇ ತಂಡದವರು, ತೀವ್ರ ಗಾಯವಾದವರು, ಎದುರಾಳಿಗೆ ಕಾರ್ಡ್ ಸಿಕ್ಕ ಫೌಲ್‌ನಲ್ಲಿ ಗಾಯಗೊಂಡು ಬೇಗ ಚಿಕಿತ್ಸೆ ಮುಗಿದವರು, ಹೀಗೆ ಕೆಲವರಿಗೆ ಮಾತ್ರ ವಿನಾಯಿತಿ. ನಟಿಸಿದವನಿಗೆ ಇದ್ಯಾವುದೂ ಅನ್ವಯಿಸದು, ಅವನ ತಂಡ ಒಂದಷ್ಟು ಹೊತ್ತು ಹತ್ತೇ ಜನರಲ್ಲಿ ಆಡಬೇಕು. ಮುಖ ಹಿಡಿದುಕೊಂಡು ಬಿದ್ದ ಪ್ರತಿಯೊಬ್ಬನಿಗೂ ಪೂರ್ತಿ ಪರೀಕ್ಷೆ, ಕಡ್ಡಾಯ ಪರೀಕ್ಷೆ. ನಿಜವಾಗಿ ಪೆಟ್ಟಾದವನಿಗೆ ಅದು ರಕ್ಷಣೆ. ಸಮಯ ಕದಿಯಲು ಬಿದ್ದವನಿಗೆ ಅದು ದಂಡ, ಕದ್ದ ಸಮಯವೂ ಕೊನೆಗೆ ಸೇರುತ್ತದೆ. ರೆಫರಿ ಯಾರ ಮನಸ್ಸನ್ನೂ ಓದಬೇಕಿಲ್ಲ.

ಅಮೆರಿಕದ ಫುಟ್‌ಬಾಲ್ ಲೀಗ್ ಎಂಎಲ್‌ಎಸ್ 2024ರಲ್ಲಿ, 15 ಸೆಕೆಂಡ್ ಮೀರಿ ನೆಲದ ಮೇಲಿದ್ದು ಚಿಕಿತ್ಸೆ ಪಡೆದವರು 2 ನಿಮಿಷ ಹೊರಗಿರಬೇಕು ಎಂದು ಮಾಡಿತು. ತಲೆಪೆಟ್ಟಿನ ಶಂಕೆಯಿದ್ದರೆ ಅದಕ್ಕೆ ವಿನಾಯಿತಿ. ಒಳ್ಳೆಯ ಉದ್ದೇಶವೇ, ಆದರೆ ಕಾಲು ಹಿಡಿದುಕೊಳ್ಳುವವನಿಗೆ ತಲೆ ಹಿಡಿದುಕೊಳ್ಳುವ ಆಸೆ ಹುಟ್ಟಿಸುವ ವಿನಾಯಿತಿ.

ನಾಟಕದಿಂದ ಆಗುವ ದೊಡ್ಡ ಅನ್ಯಾಯ ಸಮಯದ್ದಲ್ಲ, ಎದುರಾಳಿಗೆ ಆಗುವಂಥದ್ದು. 2002ರ ವಿಶ್ವಕಪ್‌ನಲ್ಲಿ ಟರ್ಕಿಯ ಹಕಾನ್ ಉನ್ಸಾಲ್ ಒದ್ದ ಚೆಂಡು ಬ್ರೆಜಿಲ್‌ನ ರಿವಾಲ್ಡೊ ತೊಡೆಗೆ ಬಡಿಯಿತು. ರಿವಾಲ್ಡೊ ಮುಖ ಹಿಡಿದುಕೊಂಡು ಬಿದ್ದರು. ಉನ್ಸಾಲ್ ಕೆಂಪು ಕಾರ್ಡ್ ಪಡೆದು ಹೊರಹೋದರು. ಆಮೇಲೆ ರಿವಾಲ್ಡೊಗೆ ಬಿದ್ದದ್ದು 11,500 ಸ್ವಿಸ್ ಫ್ರಾಂಕ್ ದಂಡ, ಅಷ್ಟೇ. ಆದ್ದರಿಂದ ಬಿದ್ದವನನ್ನು ನೋಡಿ ಆಟ ನಿಲ್ಲಿಸಿ, ಆದರೆ ಅವನನ್ನು ನೋಡಿ ಎದುರಾಳಿಗೆ ಕಾರ್ಡ್ ಕೊಡಬೇಡಿ. ಕೈಯಿಂದ ಮುಖಕ್ಕೆ ಬೇಕೆಂದೇ ಹೊಡೆದರೆ ಕೆಂಪು ಕಾರ್ಡ್ ಎನ್ನುವ ನಿಯಮವೇ, ಬಲ ತೀರಾ ಅತ್ಯಲ್ಪವಾಗಿದ್ದರೆ ಅದನ್ನು ಹೊರತುಪಡಿಸುತ್ತದೆ. ಹೊಡೆತವನ್ನು ಕಣ್ಣಾರೆ ಕಂಡವರು ಯಾರೂ ಇಲ್ಲವೆಂದರೆ ಕಾರ್ಡ್ ಇಲ್ಲ.

ಪ್ರಶ್ನೆ: ‘ಕನ್ಕಷನ್ ಸಬ್‌ಸ್ಟಿಟ್ಯೂಟ್’ ಅಂದರೇನು? ಅದನ್ನೂ ದುರುಪಯೋಗ ಮಾಡಬಹುದಲ್ಲವೇ?
(ಮೈಸೂರು)

ಉತ್ತರ: ಮಿದುಳಿಗೆ ಪೆಟ್ಟಾದ ಶಂಕೆಯಿರುವವರ ಬದಲಿಗೆ ಇಳಿಸುವ ಹೆಚ್ಚುವರಿ ಆಟಗಾರ. ಮಾಮೂಲಿ ಬದಲಿಗಳ ಲೆಕ್ಕಕ್ಕೆ ಸೇರುವುದಿಲ್ಲ. 2021ರ ಜನವರಿಯಿಂದ ಪ್ರಯೋಗವಾಗಿ ನಡೆದು, 2024ರ ಜುಲೈ 1ರಿಂದ ನಿಯಮ ಪುಸ್ತಕಕ್ಕೆ ಬಂತು. ಬೇಕೋ ಬೇಡವೋ ಎಂಬುದು ಆಯಾ ಟೂರ್ನಿಗೆ ಬಿಟ್ಟದ್ದು. ತಂಡಕ್ಕೆ ಒಬ್ಬರು. ಹೊರಹೋದವರು ಪೆನಾಲ್ಟಿ ಶೂಟೌಟ್‌ಗೂ ಮರಳುವಂತಿಲ್ಲ. ಇಂಗ್ಲೆಂಡಿನಲ್ಲಿ ಮೊದಲು ಹೀಗೆ ಹೊರಬಂದವರು ವೆಸ್ಟ್‌ಹ್ಯಾಮ್‌ನ ಇಸ್ಸಾ ದಿಯೋಪ್, 2021ರ ಫೆಬ್ರುವರಿ 9ರಂದು.

ದುರುಪಯೋಗ ತಡೆಯಲು ನಿಯಮದಲ್ಲೇ ಜಾಣತನವಿದೆ. ಒಂದು ತಂಡ ಇದನ್ನು ಬಳಸಿದರೆ ಎದುರಾಳಿಗೂ ಒಂದು ಹೆಚ್ಚುವರಿ ಬದಲಿಯ ಅವಕಾಶ. ಸುಳ್ಳು ಹೇಳಿ ಗಳಿಸುವುದು ಏನೂ ಉಳಿಯುವುದಿಲ್ಲ. ಪೆಟ್ಟು ನಿಜವೇ ಎಂಬ ತೀರ್ಮಾನದಲ್ಲಿ ರೆಫರಿಗೆ ಪಾತ್ರವಿಲ್ಲ.

ಕೊರತೆಯೂ ಇದೆ. ರಗ್ಬಿಯಲ್ಲಿ ತಾತ್ಕಾಲಿಕ ಬದಲಿ ಇದೆ, ವೈದ್ಯರು ಆಟಗಾರನನ್ನು ಒಳಗೆ ಕರೆದೊಯ್ದು ಅವಸರವಿಲ್ಲದೆ ಪರೀಕ್ಷಿಸುತ್ತಾರೆ. ಆಟಗಾರರ ಸಂಘ ಫಿಫ್‌ಪ್ರೊ ಫುಟ್‌ಬಾಲ್‌ಗೂ ಅದನ್ನೇ ಕೇಳಿತು, ನಿಯಮ ರೂಪಿಸುವ ಐಎಫ್‌ಎಬಿ ಒಪ್ಪಲಿಲ್ಲ. ಬದಲಿ ಇಳಿಸಿದರೆ ಆಟಗಾರ ಮರಳಿ ಸಿಗುವುದಿಲ್ಲ, ಹೊರಗಿಟ್ಟು ಪರೀಕ್ಷಿಸುತ್ತಾ ಕೂತರೆ ಹತ್ತೇ ಜನ ಎಂಬ ಒತ್ತಡದಲ್ಲಿ ತಂಡದ ವೈದ್ಯರು ಈಗಲೂ ಮೂರು ನಿಮಿಷದಲ್ಲಿ ಹೇಳಬೇಕಾಗಿದೆ. ತಾತ್ಕಾಲಿಕ ಬದಲಿ ಬರಲೇಬೇಕು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಗೋಲ್‌ಕೀಪರ್ ಪೀಟರ್ ಚೆಕ್ ಹಾಕುತ್ತಿದ್ದಂಥ ಹೆಲ್ಮೆಟ್ ಕೊಡಿಸಿದರೆ ಸಾಕೇ?
(ತುಮಕೂರು)

ಉತ್ತರ: ಸಾಲದು. 2006ರ ಅಕ್ಟೋಬರ್‌ನಲ್ಲಿ ಚೆಕ್ ಅವರ ತಲೆಬುರುಡೆ ಬಿರುಕುಬಿಟ್ಟಿತ್ತು, ಮೂಳೆಯ ರಕ್ಷಣೆಗೆಂದು ಅವರು ಅದನ್ನು ಧರಿಸುತ್ತಿದ್ದರು. ಬುರುಡೆಯೊಳಗೆ ಮಿದುಳು ಅಲುಗಾಡುವುದನ್ನು ಮೆತ್ತೆ ತಡೆಯಲಾರದು.

ಪ್ರಶ್ನೆ: ಮೊನ್ನೆ ಮಗ ಮ್ಯಾಚ್‌ನಲ್ಲಿ ತಲೆಗೆ ಪೆಟ್ಟು ಮಾಡಿಕೊಂಡು ಬಂದ. ರಾತ್ರಿಯಿಡೀ ಮಲಗಲು ಬಿಡಬಾರದು ಎಂದು ಅತ್ತೆಯವರು ಎಬ್ಬಿಸಿ ಕೂರಿಸಿದರು. ಇದು ಸರಿಯೇ? ಮತ್ತೆ ಯಾವಾಗ ಆಡಲು ಕಳಿಸಲಿ?
(ಗೃಹಿಣಿ, ಧಾರವಾಡ)

ಉತ್ತರ: ಅತ್ತೆಯವರ ಕಾಳಜಿ ಸರಿ, ಕ್ರಮ ಬೇಡ. ವೈದ್ಯರು ನೋಡಿ ಮನೆಗೆ ಕಳಿಸಿದ್ದರೆ ನಿದ್ದೆ ಮಾಡಲಿ, ನಿದ್ದೆ ಕೆಡುಕಲ್ಲ. ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ ಅದು ಅಪಾಯ. ಮೊದಲ 24 ಗಂಟೆ ಒಬ್ಬನೇ ಇರಬಾರದು. ಪದೇಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಕತ್ತು ನೋವು, ಫಿಟ್ಸ್, ಒಂದು ಎರಡಾಗಿ ಕಾಣುವುದು, ಕೈಕಾಲಲ್ಲಿ ಜೋಮು ಅಥವಾ ಬಲಹೀನತೆ, ಅಸಂಬದ್ಧ ಮಾತು, ಇದ್ದಕ್ಕಿದ್ದಂತೆ ರೇಗಾಟ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರನ್ನು ಕೇಳದೆ ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆ ಕೊಡಬೇಡಿ. ಎರಡು ದಿನ ಮೊಬೈಲ್, ಟೀವಿ ಕಡಿಮೆ. ಸೈಕಲ್ ಬೇಡ. ಮನೆಯೊಳಗೆ ಓಡಾಡಲಿ, ಕತ್ತಲ ಕೋಣೆಯಲ್ಲಿ ಕೂಡಿಹಾಕಬೇಕಿಲ್ಲ.

ಮೊದಲು ಶಾಲೆ, ಆಮೇಲೆ ಆಟ. ಪಾಠ ಕೇಳಿದಾಗ ತಲೆನೋವು ಬರುತ್ತಿದ್ದರೆ ಮೈದಾನದ ಮಾತೇ ಇಲ್ಲ. ನಡಿಗೆ, ನಿಧಾನ ಓಟ, ಚೆಂಡಿನ ಜೊತೆ ಒಬ್ಬನೇ ಅಭ್ಯಾಸ, ತಂಡದೊಂದಿಗೆ ಡಿಕ್ಕಿಯಿಲ್ಲದ ಅಭ್ಯಾಸ, ವೈದ್ಯರ ಒಪ್ಪಿಗೆಯ ನಂತರ ಪೂರ್ತಿ ಅಭ್ಯಾಸ, ಕೊನೆಗೆ ಪಂದ್ಯ: ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ತೊಂದರೆ ಮರುಕಳಿಸಿದರೆ ಒಂದು ಮೆಟ್ಟಿಲು ಕೆಳಗೆ. ಬ್ರಿಟನ್ 2023ರಲ್ಲಿ ಹವ್ಯಾಸಿ ಆಟಗಾರರಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಎಂದಿದೆ. ನಿಮ್ಮ ಮಗನಿಗೂ ಅದನ್ನೇ ಹಿಡಿಯಿರಿ. ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಅವನ ಕೋಚ್‌ಗೂ ತಿಳಿಸಿ.